ಹಾರ್ವೆಸ್ಟ್ ಆದ ಮೇಲೆ ಏನಾಯಿತು ಎಂದು ಕೇಳಿದವರಿಗೆ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಕೆನಡಾದ ರಾಕ್ ಗಾಯಕ ನೀಲ್ ಯಂಗ್ ಬಗ್ಗೆ ನೀವು ಬರೆದದ್ದನ್ನು ಓದಿದೆ. ಸಪ್ತಾಪುರದ ನಮ್ಮ ಮನೆಯಲ್ಲಿ ಐದು ಜನ ಗೆಳೆಯರು ತಿಂಗಳಿಗೊಂದು ಭಾನುವಾರ ಸೇರಿ ಎಲ್‌ಪಿ ಕೇಳುತ್ತೇವೆ. ‘ಹಾರ್ವೆಸ್ಟ್’ ಹಾಕಿದರೆ ಒಳಗಿನವರೂ ಬಂದು ಕೂರುತ್ತಾರೆ. ಅದೇ ಮನುಷ್ಯನ ‘ಟ್ರಾನ್ಸ್’ ಹಾಕಿದರೆ ಗೆಳೆಯರೇ ಎದ್ದು ಹೋಗುತ್ತಾರೆ. ಸಂಬಳದ ದುಡ್ಡು ಕೊಟ್ಟು ಕೊಂಡವನಿಗೆ ಕಲಾವಿದ ಉತ್ತರ ಹೇಳಬೇಕಲ್ಲವೇ? ಆತನ ಒಳ್ಳೆಯ ಹತ್ತು ಹಾಡುಗಳ ಪಟ್ಟಿ ಪ್ರಕಟಿಸಿ. ಉಳಿದವನ್ನು ಯಾರಿಗಾದರೂ ಕೊಟ್ಟುಬಿಡುತ್ತೇನೆ.
– ಒಬ್ಬ ಓದುಗ, ಧಾರವಾಡ

ಸಂಪಾದಕರ ಉತ್ತರ:

ಮಾನ್ಯರೇ, ಆ ಪಟ್ಟಿಯನ್ನು ನಾನು ಪ್ರಕಟಿಸುವುದಿಲ್ಲ.

ದುಡ್ಡು ಕೊಟ್ಟವನಿಗೆ ಬೇಸರಪಡುವ ಹಕ್ಕಿದೆ, ಒಪ್ಪಿದೆ. ಎಂಬತ್ತರ ದಶಕದ ಆತನ ಕೆಲವು ಧ್ವನಿಮುದ್ರಿಕೆಗಳು ಸಪ್ಪೆಯಾಗಿವೆ. 1983ರ ‘ಎವ್ರಿಬಡೀಸ್ ರಾಕಿನ್’ ಅರ್ಧ ಗಂಟೆಯೂ ಇಲ್ಲ. ಅಷ್ಟನ್ನು ನಿಮಗೆ ಬಿಟ್ಟುಕೊಟ್ಟೆ.

ಆದರೆ ನಿಮ್ಮ ಪ್ರಶ್ನೆಯನ್ನೇ ಅದೇ ವರ್ಷ ಆತನ ಧ್ವನಿಮುದ್ರಿಕೆಗಳನ್ನು ಹೊರತರುತ್ತಿದ್ದ ಗೆಫೆನ್ ಕಂಪನಿ ನ್ಯಾಯಾಲಯಕ್ಕೆ ಒಯ್ದಿತ್ತು ಎಂಬುದು ನಿಮಗೆ ಗೊತ್ತಿರಲಿ. ನೀಲ್ ಯಂಗ್ ತನ್ನಂತೆ ತಾನು ಹಾಡುತ್ತಿಲ್ಲ, ಆದ್ದರಿಂದ 33 ಲಕ್ಷ ಡಾಲರ್ ಕೊಡಬೇಕು ಎಂಬುದು ದಾವೆಯ ತಿರುಳು. ಕೊನೆಗೆ ದಾವೆ ಹಿಂದೆ ಸರಿಯಿತು, ಕಂಪನಿ ಕಟ್ಟಿದ ಡೇವಿಡ್ ಗೆಫೆನ್ ಕ್ಷಮೆಯನ್ನೂ ಕೇಳಿದರು. ಕಂಪನಿಗೆ ಲಾಭನಷ್ಟದ ಲೆಕ್ಕವಾದರೂ ಇತ್ತು. ಭಾನುವಾರದ ಮಧ್ಯಾಹ್ನ ಗೆಳೆಯರ ಜೊತೆ ಕೂತು ಕೇಳುವ ನೀವೇಕೆ ಅದೇ ಲೆಕ್ಕದ ಪುಸ್ತಕ ತೆರೆಯುತ್ತೀರಿ?

‘ಟ್ರಾನ್ಸ್’ ಬಗ್ಗೆ ಹೇಳುತ್ತೇನೆ. ಅದರಲ್ಲಿ ಆತನ ದನಿ ಯಂತ್ರದೊಳಗಿಂದ ಬರುತ್ತದೆ, ಪದಗಳು ಅರ್ಧ ತಿಳಿಯುವುದಿಲ್ಲ. ನಿಮ್ಮ ಗೆಳೆಯರು ಎದ್ದದ್ದು ಅದಕ್ಕೇ ಇರಬೇಕು. ಆತನ ಮಗ ಬೆನ್ ಹುಟ್ಟಿನಿಂದಲೇ ಸೆರೆಬ್ರಲ್ ಪಾಲ್ಸಿಯಿಂದ ಬಳಲುವವನು, ಬಾಯಿಂದ ಮಾತಾಡಲಾರ. ಆ ಮಗುವಿನ ಜೊತೆ ಮಾತು ಕೂಡಿಸಲು ಮನೆಯಲ್ಲಿ ನಡೆಯುತ್ತಿದ್ದ ಪ್ರಯತ್ನವೇ ಹಾಡಾಗಿ ಬಂತು ಎಂದು ತಂದೆ ಮುಂದೆ ಹೇಳಿಕೊಂಡ. ಪದ ತಿಳಿಯದಿರುವುದೇ ಅಲ್ಲಿಯ ವಿಷಯ. ಇಷ್ಟು ತಿಳಿದ ಮೇಲೆ ನಾನು ಅದನ್ನು ಮತ್ತೆ ಹಾಕಿ ಕೇಳಿದೆ. ಎರಡನೆಯ ಬದಿ ಮುಗಿಯುವವರೆಗೆ ಎದ್ದೇಳಲು ಆಗಲಿಲ್ಲ.

ನಾನೂ ಒಮ್ಮೆ ನಿಮ್ಮ ಹಾಗೆಯೇ ಇದ್ದೆ. ಎಂಬತ್ತರ ದಶಕದ ಕೊನೆಯಲ್ಲಿ ಧಾರವಾಡದ ಹಾಸ್ಟೆಲ್‌ನಲ್ಲಿದ್ದಾಗ ಗೆಳೆಯನೊಬ್ಬ ‘ಹಾರ್ವೆಸ್ಟ್’ ಅನ್ನು ಕ್ಯಾಸೆಟ್ಟಿಗೆ ತುಂಬಿಸಿ ಕೊಟ್ಟ. ಅದು 1972ರಲ್ಲಿ ಅಮೆರಿಕದಲ್ಲಿ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ಎಲ್‌ಪಿ. ಜೇನಿನಂಥ ಹಾಡುಗಳು, ಸರಿಯೇ. ಮರುವಾರ ಅದೇ ಗೆಳೆಯ ‘ಟುನೈಟ್ಸ್ ದ ನೈಟ್’ ತಂದುಕೊಟ್ಟ. ದನಿ ಒಡೆದಿತ್ತು, ಶ್ರುತಿ ಜಾರುತ್ತಿತ್ತು. ಟೇಪ್ ರೆಕಾರ್ಡರಿನ ಹೆಡ್ ಕೊಳೆಯಾಗಿದೆ ಎಂದುಕೊಂಡು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಎರಡು ಸಲ ಒರೆಸಿದೆ. ಮೂರನೆಯ ಸಲ ಕೇಳುವಾಗ, ಒಡೆದದ್ದು ಹಾಡುವವನ ಗಂಟಲೇ ಎಂದು ತಿಳಿಯಿತು. ಜೊತೆಗೆ ಗಿಟಾರ್ ನುಡಿಸುತ್ತಿದ್ದ ಡ್ಯಾನಿ ವಿಟ್ಟನ್ 1972ರ ನವೆಂಬರಿನಲ್ಲಿ ಮಾದಕ ವಸ್ತುವಿಗೆ ಬಲಿಯಾಗಿದ್ದ. ಮರುವರ್ಷ ವಾದ್ಯಸಾಮಗ್ರಿ ನೋಡಿಕೊಳ್ಳುತ್ತಿದ್ದ ಬ್ರೂಸ್ ಬೆರ್ರಿಯೂ ಹಾಗೆಯೇ ಹೋದ. ಉಳಿದವರು ರಾತ್ರಿಯೆಲ್ಲ ಕುಡಿದು, ಅತ್ತು, ಹಾಡಿ ಮುದ್ರಿಸಿದ್ದು ಅದು. ಹೊರಬಂದದ್ದು 1975ರಲ್ಲಿ. ಅದನ್ನು ತಿದ್ದಿ ನಯಗೊಳಿಸಿದ್ದರೆ ಸತ್ತವರಿಗೆ ಮೋಸವಾಗುತ್ತಿತ್ತು.

ಹೆಸರು ತಂದ ಹಾಡು ತನ್ನನ್ನು ನಡುರಸ್ತೆಯಲ್ಲಿ ನಿಲ್ಲಿಸಿತು, ಅಲ್ಲಿ ಬೇಸರವಾಗಿ ಗಟಾರದ ಕಡೆ ತಿರುಗಿದೆ, ಅಲ್ಲಿ ಸಿಕ್ಕ ಜನ ಹೆಚ್ಚು ಸ್ವಾರಸ್ಯದವರು ಎಂಬರ್ಥದ ಮಾತನ್ನು ಆತನೇ 1977ರಲ್ಲಿ ಬರೆದ. ಅಮೆರಿಕದ ಸಿಯಾಟಲ್‌ ನಗರದ ರಾಕ್ ತಂಡಗಳ ಹುಡುಗರು ತೊಂಬತ್ತರ ದಶಕದಲ್ಲಿ ಆತನನ್ನು ಹಿರಿಯನೆಂದು ಒಪ್ಪಿದ್ದು ಗಿಟಾರಿನ ಆ ಗೀರು, ಆ ಗದ್ದಲ ಕೇಳಿ. 1995ರಲ್ಲಿ ಅಲ್ಲಿಯದೇ ಪರ್ಲ್ ಜಾಮ್ ತಂಡದ ಹುಡುಗರು ಆತನ ಬೆನ್ನಿಗೆ ನಿಂತು ಒಂದು ಇಡೀ ಮುದ್ರಿಕೆಗೆ ನುಡಿಸಿದರು. ನಡುವೆ 1992ರಲ್ಲಿ ಆತ ‘ಹಾರ್ವೆಸ್ಟ್ ಮೂನ್’ ಎಂದು ಮತ್ತೆ ಮೆಲುದನಿಗೂ ಬಂದ. ಇಪ್ಪತ್ತು ವರ್ಷ ಸುತ್ತಾಡಿ ಮನೆಗೆ ಮರಳಿದವನ ದನಿ ಅದು. ಸುತ್ತಾಟವನ್ನು ಕೇಳದೆ ಆ ಮರಳುವಿಕೆಯನ್ನು ಹೇಗೆ ಕೇಳುತ್ತೀರಿ?

ಧಾರವಾಡದವರಾಗಿ ನೀವು ಇದನ್ನು ಕೇಳಿದ್ದು ನನಗೆ ಹೆಚ್ಚು ನೋವಾಯಿತು. ಗಂಗೂಬಾಯಿ ಹಾನಗಲ್ಲರ ಮೊದಮೊದಲ ಗ್ರಾಮಫೋನ್ ತಟ್ಟೆಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದವು. ಅಲ್ಲಿಯದು ತೆಳುವಾದ, ಎತ್ತರದ ದನಿ. ಗಂಟಲಿನ ಶಸ್ತ್ರಚಿಕಿತ್ಸೆಯ ನಂತರ ದನಿ ತಗ್ಗಿತು, ಗಡುಸಾಯಿತು. ಆಗಿನ ಕೇಳುಗರು ಹಳೆಯ ದನಿಯೇ ಬೇಕೆಂದು ಎದ್ದು ಹೋಗಿದ್ದರೆ? ಮಲ್ಲಿಕಾರ್ಜುನ ಮನಸೂರರು ಗ್ವಾಲಿಯರ್ ಶೈಲಿಯಲ್ಲಿ ಪಳಗಿ ಹೆಸರು ಮಾಡಿದ ಮೇಲೂ ಮಂಜಿಖಾನರ ಮುಂದೆ ಶಿಷ್ಯರಾಗಿ ಕೂತು ಜೈಪುರ–ಅತ್ರೌಲಿ ಘರಾಣೆಯ ದಾರಿ ಹಿಡಿದರು. ಇಬ್ಬರ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಕೇಳಿ. ಸಂಗೀತಗಾರ ಎಂದರೆ ಏನೆಂದು ನಾನು ಕಲಿತದ್ದು ಹಾಗೆ.

ಈಗಿನ ಕಛೇರಿಗಳಲ್ಲಿ ಅದಕ್ಕೆ ತಾಳ್ಮೆಯಿಲ್ಲ. ಹುಬ್ಬಳ್ಳಿಯ ಒಂದು ಸಭೆಯಲ್ಲಿ ಯುವ ಗಾಯಕಿ ಅಪ್ರಚಲಿತ ರಾಗವೊಂದನ್ನು ವಿಲಂಬಿತದಲ್ಲಿ, ಅಂದರೆ ನಿಧಾನದ ಲಯದಲ್ಲಿ, ಆಗಷ್ಟೇ ಬಿಡಿಸುತ್ತಿದ್ದಳು. ಮುಂದಿನ ಸಾಲಿನಿಂದ ಫರ್ಮಾಯಿಷಿ ಚೀಟಿ ವೇದಿಕೆಗೆ ಹೋಯಿತು: ಅಭಂಗ ಹಾಡಿ. ಆಕೆ ಇಪ್ಪತ್ತು ನಿಮಿಷಕ್ಕೆ ರಾಗ ಮುಗಿಸಿ ಅಭಂಗ ಎತ್ತಿಕೊಂಡಳು, ಚಪ್ಪಾಳೆ ಜೋರಾಗಿ ಬಿತ್ತು. ಆ ರಾಗವನ್ನು ಆಕೆ ಎಷ್ಟು ವರ್ಷ ತಿದ್ದಿಕೊಂಡಿದ್ದಳೋ ಎಂದು ಯೋಚಿಸುತ್ತ ನಾನು ಹೊರಗೆ ಬಂದೆ. ಮೊಬೈಲಿನಲ್ಲಿ ಸಿಗುವ ಹಳೆಯ ಬೈಠಕ್‌ಗಳ ಗತಿಯೂ ಅಷ್ಟೇ. ವಿಲಂಬಿತವನ್ನು ಕತ್ತರಿಸಿ ದ್ರುತದ, ಅಂದರೆ ವೇಗದ ಭಾಗದ, ಐದು ನಿಮಿಷ ಮಾತ್ರ ಹಾಕಿರುತ್ತಾರೆ. ಹಿರಿಯರು ತೀರಿಕೊಂಡ ಮನೆಗಳಲ್ಲಿ ಹೆಸರು ಗೊತ್ತಿರುವ ನಾಲ್ಕು ತಟ್ಟೆ ಉಳಿಸಿಕೊಂಡು ಮಿಕ್ಕವನ್ನು ಗುಜರಿಯವನ ತಳ್ಳುಗಾಡಿಗೆ ಹಾಕುತ್ತಾರೆ. ಮಾಳಮಡ್ಡಿಯಲ್ಲಿ ಅಂಥ ಒಂದು ಗಾಡಿಯನ್ನು ನಿಲ್ಲಿಸಿ ಹನ್ನೊಂದು ತಟ್ಟೆ ಬಿಡಿಸಿಕೊಂಡಿದ್ದೇನೆ. ಮೂರು ಒಡೆದಿದ್ದವು.

ನೀವು ಅಂಥವರಲ್ಲ. ತಿಂಗಳಿಗೊಮ್ಮೆ ಗೆಳೆಯರನ್ನು ಕರೆದು, ಚಹಾ ಕೊಟ್ಟು, ಎಲ್‌ಪಿ ಹಾಕುವವರು ಈ ಅವಳಿ ನಗರದಲ್ಲಿ ಎಷ್ಟು ಜನ ಇದ್ದಾರು? ಅದಕ್ಕೇ ಇಷ್ಟು ಉದ್ದ ಬರೆದೆ. ಮುಂದಿನ ಭಾನುವಾರ ಮೊದಲು ‘ಟ್ರಾನ್ಸ್’ ಹಾಕಿ, ಬೆನ್‌ನ ವಿಷಯವನ್ನು ಗೆಳೆಯರಿಗೆ ಮೊದಲೇ ಹೇಳಿ. ಆಮೇಲೂ ಬೇಡವೆನಿಸಿದರೆ ಅದನ್ನು ಬೇರೆ ಯಾರಿಗೂ ಕೊಡಬೇಡಿ, ಹುಬ್ಬಳ್ಳಿಯ ನಮ್ಮ ಕಚೇರಿಗೆ ತಲುಪಿಸಿ. ನನ್ನ ಬಳಿ ಇರುವ ಪ್ರತಿಯ ಮೊದಲ ಬದಿ ಸವೆದುಹೋಗಿದೆ.

– ಸಂಪಾದಕ