ಎಲ್ಲ ಫಸ್ಟ್ ಪೀಸೂ ನೀವೇ ನೋಡಬೇಕೇ?

ಪೀಣ್ಯದಿಂದ ಪತ್ರ ಬರೆದ ಓದುಗರಿಗೆ ನಮಸ್ಕಾರ.

ನಿಮ್ಮ ಹೆಸರು ಬೇಡವೆಂದಿದ್ದೀರಿ, ಹಾಗೇ ಆಗಲಿ. ಉಳಿದ ಓದುಗರಿಗಾಗಿ ಪತ್ರದ ಸಾರ ಇಷ್ಟು: ತಂದೆ ಕಟ್ಟಿದ ಸಿಎನ್‌ಸಿ ಜಾಬ್‌ವರ್ಕ್ ಘಟಕ (ಕಂಪ್ಯೂಟರ್ ನಿಯಂತ್ರಿತ ಮಷೀನುಗಳಲ್ಲಿ ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಕಾರ್ಖಾನೆ), 38 ಕೆಲಸಗಾರರು. ಎರಡನೇ ಶಿಫ್ಟ್‌ನಲ್ಲಿ ಸೆಟ್ಟಿಂಗ್ ಬದಲಾದರೂ ಫಸ್ಟ್ ಪೀಸನ್ನು, ಅಂದರೆ ಹೊಸ ಸೆಟ್ಟಿಂಗ್‌ನಲ್ಲಿ ತಯಾರಾದ ಮೊದಲ ಪೀಸನ್ನು, ಮಾಲೀಕರೇ ಹೋಗಿ ನೋಡಬೇಕು. ಪಾರ್ಟಿಗಳಿಂದ (ಗಿರಾಕಿ ಕಂಪನಿಗಳಿಂದ) ಮೂರು ತಿಂಗಳಾದರೂ ಹಣ ಬರುವುದಿಲ್ಲ. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆಯಿಲ್ಲ. ಸಕಲೇಶಪುರಕ್ಕೆ ಹೋಗಿ ನಾಲ್ಕು ದಿನ ಇದ್ದು ಬಂದರೂ ಸೋಮವಾರ ಬೆಳಿಗ್ಗೆ ಅದೇ ಭಾರ. "ನನ್ನ ಮನಸ್ಸೇ ದುರ್ಬಲವೇ? ಯೋಚನೆಯ ರೀತಿ ಬದಲಿಸಿಕೊಳ್ಳಿ ಎನ್ನುತ್ತಾರೆ, ಅದು ಹೇಗೆ?" ಎಂದು ಕೇಳಿದ್ದೀರಿ.

ದುರ್ಬಲವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟನ್ನು ವಿವರಿಸಿದಾಗ ಅದನ್ನು ರೋಗಗಳ ಸಾಲಿಗೆ ಸೇರಿಸಲಿಲ್ಲ. ಕೆಲಸದ ಜಾಗದಲ್ಲಿ ಬಹುಕಾಲ ನಿಭಾಯಿಸಲಾಗದೆ ಉಳಿದ ಒತ್ತಡದ ಫಲವೆಂದು ಹೇಳಿತು. ಲಕ್ಷಣ ಮೂರು: ಶಕ್ತಿಯೇ ಇಲ್ಲವೆನ್ನಿಸುವ ಬಳಲಿಕೆ, ಕೆಲಸದ ಮೇಲೆ ಹುಟ್ಟುವ ಜುಗುಪ್ಸೆ, ಏನು ಮಾಡಿದರೂ ಸರಿಹೋಗುತ್ತಿಲ್ಲ ಎಂಬ ಭಾವ. "ಆಪರೇಟರ್ ಎದುರು ಬಂದರೇ ಸಿಟ್ಟು ಬರುತ್ತದೆ" ಎಂಬ ನಿಮ್ಮ ಸಾಲು ಎರಡನೆಯದು. ಮಾಲೀಕರು ಬಳಲಿಕೆಯನ್ನು ಒಪ್ಪಿಕೊಳ್ಳುತ್ತಾರೆ, ಈ ಸಿಟ್ಟನ್ನು ಮಾತ್ರ ಕೆಲಸಗಾರರ ತಪ್ಪಿನ ಲೆಕ್ಕಕ್ಕೆ ಹಾಕುತ್ತಾರೆ.

ಸಕಲೇಶಪುರದ ರಜೆ ಏಕೆ ಫಲಿಸಲಿಲ್ಲ ಎಂಬುದೂ ಇದರಿಂದ ತಿಳಿಯುತ್ತದೆ. ವಿಶ್ರಾಂತಿಯಿಂದ ಆಯಾಸ ಇಳಿಯುತ್ತದೆ, ನೀವು ಹಾಕಿಕೊಂಡ ನಿಯಮ ಇದ್ದ ಹಾಗೇ ಇರುತ್ತದೆ. ನಿಮ್ಮ ಪತ್ರದಲ್ಲಿ ಅಂಥವು ಎರಡಿವೆ: "ನಾನು ನೋಡದಿದ್ದರೆ ಮಾಲು ರಿಜೆಕ್ಟ್ ಆಗುತ್ತದೆ", "ಹಣ ಕೇಳಿದರೆ ಆರ್ಡರ್ ಹೋಗುತ್ತದೆ". ಯೋಚನೆಯನ್ನು ಸಡಿಲಿಸುವುದು ಎಂದರೆ ಎಲ್ಲ ಒಳ್ಳೆಯದಾಗುತ್ತದೆ ಎಂದು ಹೇಳಿಕೊಳ್ಳುವುದಲ್ಲ. ಇಂಥ ನಿಯಮವನ್ನು ಕಾಗದಕ್ಕಿಳಿಸಿ, ಯಾವಾಗ ನಿಜ, ಯಾವಾಗ ಅಲ್ಲ ಎಂದು ಸಣ್ಣ ಪ್ರಯೋಗದಿಂದ ನೋಡುವುದು. ಸಿಟ್ಟನ್ನೂ ಆತಂಕವನ್ನೂ ನುಂಗಿಕೊಂಡು ನಗುಮುಖ ತೋರಿಸುವುದು ಇದಕ್ಕೆ ತದ್ವಿರುದ್ಧ. ಹೊರಗೆ ತೋರಗೊಡದೆ ತಡೆದಷ್ಟೂ ದೇಹದ ಒಳಗಿನ ಉದ್ವೇಗ ಏರುತ್ತದೆಂದು ಸ್ಟ್ಯಾನ್‌ಫರ್ಡ್‌ನ ಜೇಮ್ಸ್ ಗ್ರಾಸ್ 1990ರ ದಶಕದ ಪ್ರಯೋಗಗಳಲ್ಲಿ ತೋರಿಸಿದ್ದಾರೆ. ಸಂದರ್ಭವನ್ನೇ ಬೇರೆ ರೀತಿ ಅರ್ಥೈಸಿಕೊಂಡವರಲ್ಲಿ ಹಾಗಾಗಲಿಲ್ಲ.

ಮೊದಲು ಫಸ್ಟ್ ಪೀಸ್. ಒಂದೇ ಮಷೀನು, ಆಗಾಗ ಬರುವ ಒಂದೇ ಜಾಬು, ಎರಡು ವಾರ. ಡ್ರಾಯಿಂಗ್‌ನಲ್ಲಿ ಹೊರವ್ಯಾಸ 25 ಮಿ.ಮೀ., ಟಾಲರೆನ್ಸ್ (ಒಪ್ಪಬಹುದಾದ ವ್ಯತ್ಯಾಸ) 0.02 ಹೆಚ್ಚು-ಕಡಿಮೆ ಎನ್ನೋಣ. 24.99ರಿಂದ 25.01ರವರೆಗೆ ಹಸಿರು. ಅದರ ಎರಡೂ ಬದಿಯಲ್ಲಿ 24.98 ಮತ್ತು 25.02ರವರೆಗೆ ಹಳದಿ. ಅದರಾಚೆ ಕೆಂಪು. ಸೆಟ್ಟಿಂಗ್ ಆದಮೇಲೆ ಸತತ ಐದು ಪೀಸ್ ಹಸಿರಿನಲ್ಲಿ ಬಂದರೆ ಸೂಪರ್‌ವೈಸರ್ ಅಳತೆ ಬರೆದು, ಸಹಿ ಹಾಕಿ, ಮಷೀನು ಓಡಿಸಲಿ. ನಡುವೆ ಒಂದು ಹಳದಿ ಬಂದರೆ ಎಣಿಕೆ ಮತ್ತೆ ಒಂದರಿಂದ. ಕೆಂಪು ಬಂದರೆ ಆಫ್‌ಸೆಟ್ (ಮಷೀನಿನಲ್ಲಿ ಟೂಲಿನ ಸ್ಥಾನದ ಅಳತೆ) ತಿದ್ದಿ ಮತ್ತೆ ಶುರು. ಓಡುತ್ತಿರುವಾಗ ಗೊತ್ತಾದ ಹೊತ್ತಿಗೆ ಸತತ ಎರಡು ಪೀಸ್ ಅಳೆಯಲಿ. ಎರಡೂ ಒಂದೇ ಬದಿಯ ಹಳದಿಯಲ್ಲಿದ್ದರೆ ಬಹುಶಃ ಇನ್‌ಸರ್ಟ್ (ಲೋಹ ಕತ್ತರಿಸುವ ಬಿಲ್ಲೆ) ಸವೆದಿದೆ, ಆಪರೇಟರೇ ತಿದ್ದಬಹುದು. ಒಂದು ಮೇಲಿನ ಹಳದಿ, ಇನ್ನೊಂದು ಕೆಳಗಿನ ಹಳದಿ ಎಂದಾದರೆ, ಇಲ್ಲವೇ ಓಡುವಾಗ ಕೆಂಪು ಬಂದರೆ ಮಷೀನು ನಿಲ್ಲಿಸಿ ನಿಮಗೆ ಫೋನ್. ನಿಮ್ಮನ್ನು ಎಬ್ಬಿಸಬೇಕಾದ ಸಂದರ್ಭ ಅದೊಂದೇ.

ಇದು ಎಲ್ಲಿ ಕೆಡುತ್ತದೆ? ಮೈಕ್ರೋಮೀಟರ್‌ನ ಸೊನ್ನೆ ನೋಡದೆ ಅಳೆಯುವುದು ಒಂದು. ಈ ಟಾಲರೆನ್ಸ್‌ಗೆ ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ) ತೋರಿಸುವ ಉಪಕರಣವೇ ಬೇಕು. ಮಷೀನಿನಿಂದ ತೆಗೆದ ಬಿಸಿ ಪೀಸನ್ನೇ ಅಳೆಯುವುದು ಇನ್ನೊಂದು. 25 ಮಿ.ಮೀ. ಉಕ್ಕು ತಣ್ಣಗಿರುವಾಗಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು 6 ಮೈಕ್ರಾನ್ ಹಿಗ್ಗಿರುತ್ತದೆ, ಹಸಿರು-ಹಳದಿಯ ಅಂಚಿನಲ್ಲಿ ಅಷ್ಟು ಸಾಕು. ಏನು ಮಾಡಿದರೂ ಐದು ಹಸಿರು ಬರುತ್ತಿಲ್ಲವೆಂದರೆ ಸ್ಪಿಂಡಲ್ (ಮಷೀನಿನ ತಿರುಗುವ ದಂಡ) ಬೇರಿಂಗನ್ನೋ, ಪೀಸ್ ಹಿಡಿದಿಡುವ ಫಿಕ್ಸ್‌ಚರನ್ನೋ ನೋಡಿ, ಸೂಪರ್‌ವೈಸರ್‌ನನ್ನು ಬೈಯಬೇಡಿ. ಇವೆಲ್ಲಕ್ಕಿಂತ ದೊಡ್ಡ ಕೇಡು ನಿಮ್ಮಿಂದಲೇ ಆಗುವಂಥದ್ದು: ಮೊದಲ ರಿಜೆಕ್ಷನ್ ಬಂದ ದಿನವೇ "ನೋಡಿದಿರಾ, ನಾನು ಹೇಳಲಿಲ್ಲವೇ" ಎಂದು ಅಧಿಕಾರ ವಾಪಸ್ ಕಿತ್ತುಕೊಳ್ಳುವುದು. ಅಂದಿನಿಂದ ಸೂಪರ್‌ವೈಸರ್ ಪ್ರತಿಯೊಂದಕ್ಕೂ ಫೋನ್ ಮಾಡುತ್ತಾನೆ, ಹಾಗೆ ಮಾಡುವುದೇ ಅವನಿಗೆ ಕ್ಷೇಮ. ಆದ್ದರಿಂದ ಪ್ರಯೋಗಕ್ಕೆ ಮುಂಚೆಯೇ ಎಷ್ಟು ಪೀಸ್ ಹೋದರೆ ತಡೆದುಕೊಳ್ಳುತ್ತೀರಿ ಎಂದು ಬರೆದಿಡಿ. ನೀವೇ ನೋಡಿ ಓಡಿಸಿದ ಹಿಂದಿನ ಎರಡು ವಾರದ ರಿಜೆಕ್ಷನ್ ಲೆಕ್ಕವೂ ಪಕ್ಕದಲ್ಲಿರಲಿ. ಹೋಲಿಸಬೇಕಾದದ್ದು ಅದರೊಂದಿಗೆ, ಸೊನ್ನೆಯೊಂದಿಗಲ್ಲ.

ಹಣದ ವಿಷಯದಲ್ಲಿ ನಿಮ್ಮ ಮನಸ್ಸು ಎರಡೇ ದಾರಿ ಕಾಣುತ್ತಿದೆ: ಸುಮ್ಮನಿರುವುದು, ಇಲ್ಲವೇ ಜಗಳವಾಡುವುದು. ನಡುವೆ ಬೇಕಾದಷ್ಟಿದೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇರಲಿ, ಸಣ್ಣ ಉದ್ದಿಮೆಗೆ 45 ದಿನದೊಳಗೆ ಹಣ ಕೊಡಬೇಕು. ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ತಿಂಗಳ ಚಕ್ರಬಡ್ಡಿಯಲ್ಲಿ. 2023-24ರ ಹಣಕಾಸು ವರ್ಷದಿಂದ ಇನ್ನೊಂದು ಬಲವೂ ಸೇರಿದೆ: ಗಡುವು ಮೀರಿದ ಬಾಕಿಯನ್ನು ನಿಮ್ಮ ಪಾರ್ಟಿ ಹಣ ಪಾವತಿಸಿದ ವರ್ಷದಲ್ಲಷ್ಟೇ ತನ್ನ ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸಬಹುದು. ಅವರ ಆಡಿಟರ್‌ಗೆ ಇದು ಚೆನ್ನಾಗಿ ಗೊತ್ತು. ಸಣ್ಣ ಉದ್ದಿಮೆಯೆಂದು ಸರ್ಕಾರದಲ್ಲಿ ದಾಖಲಾದ ಉದ್ಯಮ್ ನೋಂದಣಿ ಸಂಖ್ಯೆಯನ್ನು ಪ್ರತಿ ಇನ್‌ವಾಯ್ಸ್ ಮೇಲೆ ಅಚ್ಚು ಹಾಕಿಸಿ. ಮೂವತ್ತನೇ ದಿನ ನಿಮ್ಮ ಅಕೌಂಟೆಂಟ್‌ನಿಂದ ಅವರ ಅಕೌಂಟ್ಸ್ ವಿಭಾಗಕ್ಕೆ ಬಾಕಿ ಪಟ್ಟಿ ಹೋಗಲಿ, ನಲವತ್ತನೇ ದಿನ ಇನ್ನೊಮ್ಮೆ. ನೀವು ಖರೀದಿ ಮ್ಯಾನೇಜರ್‌ಗೆ ಫೋನ್ ಮಾಡಿ ಬೇಡುವುದಕ್ಕಿಂತ ಇದು ಎಷ್ಟೋ ಮೇಲು, ಸಂಬಂಧವೂ ಕೆಡುವುದಿಲ್ಲ. ಬಾಕಿ ಹಣದ ಬಗ್ಗೆ ಸರ್ಕಾರದ ಎಂಎಸ್‌ಎಂಇ ವ್ಯವಸ್ಥೆಗೆ ದೂರು ಕೊಡುವುದು ಕೊನೆಯ ಹೆಜ್ಜೆ. ಅದರಿಂದ ಆರ್ಡರ್ ಹೋಗಬಹುದು ಎಂಬ ನಿಮ್ಮ ಭಯ ಸುಳ್ಳಲ್ಲ. ಹಾಗಾಗಿ ಮೊದಲು ವಹಿವಾಟಿನಲ್ಲಿ ಚಿಕ್ಕ ಪಾಲಿನ ಪಾರ್ಟಿಯೊಂದಿಗೆ ಬಾಕಿ ಪಟ್ಟಿ ಕಳಿಸುವ ಈ ಕ್ರಮ ಶುರುಮಾಡಿ ನೋಡಿ. ಒಬ್ಬನೇ ಗಿರಾಕಿಯ ಮೇಲೆ ಅರ್ಧ ವಹಿವಾಟು ನಿಂತಿದ್ದರೆ ಯೋಚನೆ ಬದಲಿಸಿ ಪ್ರಯೋಜನವಿಲ್ಲ, ಇನ್ನೊಬ್ಬ ಗಿರಾಕಿಯನ್ನೇ ಹುಡುಕಬೇಕು.

ಒಂದು ಎಚ್ಚರಿಕೆ ಹೇಳಲೇಬೇಕು. ಇದೇ ಮಾತನ್ನು ಕೆಲಸಗಾರರ ಮೇಲೆ ತಿರುಗಿಸಬೇಡಿ. ಸಾಲು ಸಾಲು ಓವರ್‌ಟೈಮ್ ಹಾಕಿ, "ಒತ್ತಡವನ್ನು ಬೇರೆ ಥರ ನೋಡಿ" ಎನ್ನುವುದು ಅನ್ಯಾಯ. ರಾತ್ರಿ ಹನ್ನೊಂದಕ್ಕೆ ವಾಟ್ಸ್ಆ್ಯಪ್ ಗುಂಪಿಗೆ ನೀವು ಹಾಕುವ ಸಂದೇಶ 38 ಮನೆಗಳ ನಿದ್ದೆ ಕದಡುತ್ತದೆ. ಟೈಪ್ ಮಾಡಿಟ್ಟು ಬೆಳಿಗ್ಗೆ ಕಳಿಸಿ.

ನಿದ್ದೆಗೆ ಒಂದು ಸಣ್ಣ ಉಪಾಯವಿದೆ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 57 ಯುವಕ-ಯುವತಿಯರ ಮೇಲೆ ನಡೆಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಲಗುವ ಮುನ್ನ ಐದು ನಿಮಿಷ ಮುಂದೆ ಮಾಡಬೇಕಾದ ಕೆಲಸಗಳನ್ನು ಬರೆದಿಟ್ಟವರು ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆಹೋದರು. ಚಿಕ್ಕ ಅಧ್ಯಯನ ನಿಜ, ಆದರೆ ಖರ್ಚಿಲ್ಲ. "ಪೇಮೆಂಟ್ ವಿಚಾರ" ಎಂದು ಬರೆಯಬೇಡಿ. "ಹತ್ತು ಗಂಟೆಗೆ ಇಂಥ ಇನ್‌ವಾಯ್ಸ್ ಬಗ್ಗೆ ಅಕೌಂಟ್ಸ್‌ಗೆ ಮೇಲ್" ಎಂದು ಬರೆಯಿರಿ. ರಾತ್ರಿ ಮೂರರ ಎಚ್ಚರಕ್ಕೆ ಇದು ಪೂರ್ತಿ ಪರಿಹಾರವಲ್ಲ.

ಫೋನ್ ರಿಂಗಾದರೆ ಎದೆ ಬಿಗಿಯುತ್ತದೆ ಎಂದೂ ಬರೆದಿದ್ದೀರಿ. ಅದನ್ನು ಒತ್ತಡವೆಂದು ನೀವೇ ತೀರ್ಮಾನಿಸಬೇಡಿ. ಈ ವಾರವೇ ವೈದ್ಯರಿಗೆ ತೋರಿಸಿ: ಇಸಿಜಿ, ಬಿಪಿ, ಸಕ್ಕರೆ, ಥೈರಾಯ್ಡ್. ಬಿಗಿತದ ಜೊತೆ ಬೆವರು, ಉಸಿರಾಟದ ತೊಂದರೆ, ತೋಳಿಗೋ ದವಡೆಗೋ ಹರಡುವ ನೋವು ಕಂಡರೆ ಅಪಾಯಿಂಟ್‌ಮೆಂಟ್‌ಗೆ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಕಾರ್ಖಾನೆಯಾಚೆಗೂ, ಮಕ್ಕಳೊಡನೆ, ಊಟದಲ್ಲಿ, ಯಾವುದರಲ್ಲೂ ಎರಡು ವಾರ ಸಂತೋಷವೇ ಕಾಣದಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆಯಿದೆ, ಮೇಲೆ ಹೇಳಿದ ಪ್ರಯೋಗಗಳು ಅದಕ್ಕೆ ಸಾಲವು. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು.