ಅಮೆರಿಕದಲ್ಲಿ ನಮ್ಮ ಹೆಸರು ಬಳಸಿ ಬೇರೆಯವರು ಸಾಲ ತೆಗೆದರೆ, ಅದು ರಾಜ್ಯದ ಕಾನೂನಿನಲ್ಲಿ ಅಪರಾಧವೇ?

ಹೌದು, ಅಪರಾಧವೇ. ಇದು ಬರೀ ಬ್ಯಾಂಕಿನ ತಕರಾರು ಅಂದುಕೊಂಡು ಸುಮ್ಮನಾಗಬೇಡಿ. ಕೇಂದ್ರದ ಕಾನೂನು ಬೇರೆ ಇದೆ. ಅದರ ಜೊತೆಗೆ ರಾಜ್ಯಗಳಿಗೂ ತಮ್ಮದೇ ಕಾನೂನುಗಳಿವೆ. ನಮ್ಮ ಕನ್ನಡಿಗರು ಜಾಸ್ತಿ ಇರುವ ಕ್ಯಾಲಿಫೋರ್ನಿಯಾವನ್ನೇ ನೋಡೋಣ.

ಅಲ್ಲಿನ ದಂಡ ಸಂಹಿತೆಯ 530.5ನೇ ಕಲಂ ಪ್ರಕಾರ, ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಸರು, ಸೋಷಿಯಲ್ ಸೆಕ್ಯೂರಿಟಿ ನಂಬರ್ (ಅಮೆರಿಕ ಸರ್ಕಾರ ಕೊಡುವ ಗುರುತಿನ ಸಂಖ್ಯೆ), ಖಾತೆ ಸಂಖ್ಯೆಯಂಥ ವಿವರ ಪಡೆದು ಅಕ್ರಮ ಕೆಲಸಕ್ಕೆ ಬಳಸುವುದು ಅಪರಾಧ. ದಂಡ ಬೀಳಬಹುದು, ಜೈಲೂ ಆಗಬಹುದು. ಪ್ರಕರಣ ಗಂಭೀರವಾಗಿದ್ದರೆ ಶಿಕ್ಷೆ 3 ವರ್ಷದವರೆಗೂ ಹೋಗುತ್ತದೆ. ಮೋಸ ಮಾಡುವ ಉದ್ದೇಶದಿಂದ ಆ ವಿವರಗಳನ್ನು ಸುಮ್ನೆ ಇಟ್ಟುಕೊಂಡಿದ್ದರೂ ತಪ್ಪೇ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು 530.6ನೇ ಕಲಂ. ಕಳ್ಳ ಎಲ್ಲೋ ದೂರದ ಊರಿನಲ್ಲಿರಬಹುದು. ಆದರೂ ನೀವು ವಾಸವಿರುವ ಊರಿನ ಪೊಲೀಸರೇ ದೂರು ಬರೆದುಕೊಳ್ಳಬೇಕು, ಅದರ ಪ್ರತಿಯನ್ನೂ ಕೊಡಬೇಕು. "ಇದು ನಮ್ಮ ವ್ಯಾಪ್ತಿ ಅಲ್ಲ" ಎಂದು ವಾಪಸ್ ಕಳಿಸುವ ಹಾಗಿಲ್ಲ. ಆ ಪ್ರತಿ ಜೋಪಾನ. ಸಾಲ ನಿಮ್ಮದಲ್ಲ ಎಂದು ಬ್ಯಾಂಕಿಗೆ ತೋರಿಸಲು ಅದೇ ಆಧಾರ.

ಇನ್ನೂ ಕೆಟ್ಟದ್ದೆಂದರೆ, ಸಿಕ್ಕಿಬಿದ್ದ ಕಳ್ಳ ತನ್ನ ಹೆಸರೆಂದು ಪೊಲೀಸರಿಗೆ ನಿಮ್ಮ ಹೆಸರು ಹೇಳಿರಬಹುದು, ಅಲ್ವಾ? ಆಗ ಕೋರ್ಟಿಗೆ ಅರ್ಜಿ ಹಾಕಿ, ನೀವು ನಿರಪರಾಧಿ ಎಂಬ ಆದೇಶ ಪಡೆಯಬಹುದು.

ದೂರು ಕೊಟ್ಟ ದಿನವೇ ಜನರ ಸಾಲದ ದಾಖಲೆ ಇಡುವ ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್ ಎಂಬ ಮೂರು ಕಂಪನಿಗಳಲ್ಲೂ ನಿಮ್ಮ ಕ್ರೆಡಿಟ್ ಫ್ರೀಜ್ ಮಾಡಿಸಿ, ಅಂದರೆ ನಿಮ್ಮ ಹೆಸರಲ್ಲಿ ಹೊಸ ಸಾಲ ತೆಗೆಯದಂತೆ ಆ ದಾಖಲೆಗೆ ಬೀಗ ಹಾಕಿಸಿ. 2018ರಿಂದ ಅದಕ್ಕೆ ದುಡ್ಡು ಕೊಡಬೇಕಿಲ್ಲ.