ಮಳೆಯಾದರೆ ಬೊಲೊನ್ಯಾ ಬಿಡಬೇಕಾ?

ಪ್ರಶ್ನೆ: ಮೇಡಂ, ನವೆಂಬರ್‌ನಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಒಂದು ದಿನ ಹತ್ತಿರದ ಬೊಲೊನ್ಯಾ ನಗರ ನೋಡುವ ಆಸೆ. ‘ಆಗ ಮಳೆ, ಸುಮ್ನೆ ಮನೆಯಲ್ಲಿರಿ’ ಅಂತಾಳೆ ಮಗಳು. ನಮ್ಮ ಯಜಮಾನರಿಗೆ ಮಂಡಿನೋವು. ನಾವು ಸಸ್ಯಾಹಾರಿಗಳು. ಏನು ಮಾಡಲಿ?
– ಓದುಗರು, ದಾವಣಗೆರೆ

ಉತ್ತರ: ಹೋಗಿ. ಮಳೆಗೆ ಹೆದರಿ ಬಿಡುವ ಊರೇ ಅಲ್ಲ ಅದು. ಹಳೇ ಊರಿನ ಬೀದಿಗಳ ಪಕ್ಕ ಕಂಬ ಕಮಾನುಗಳ ಮೊಗಸಾಲೆ ಹಬ್ಬಿದೆ. ನಮ್ಮ ಮಲೆನಾಡಿನ ಮನೆಯ ಜಗಲಿಯನ್ನು ಊರುದ್ದಕ್ಕೂ ಎಳೆದ ಹಾಗೆ. ಎಲ್ಲ ಸೇರಿ ಸುಮಾರು 62 ಕಿ.ಮೀ. ವಿದ್ಯಾರ್ಥಿಗಳು, ವ್ಯಾಪಾರಿಗಳು ಬಂದು ತುಂಬಿದಾಗ ಮೇಲಿನ ಅಂತಸ್ತನ್ನು ರಸ್ತೆಯ ಮೇಲಕ್ಕೆ ಚಾಚಿ ಕಟ್ಟಿದರು. ಕೆಳಗಿನ ಜಾಗ ಜನ ಓಡಾಡಲು ಉಳಿಯಿತು. 2021ರಲ್ಲಿ ಈ ಮೊಗಸಾಲೆಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೂ ಸೇರಿದವು. ನಾನು ಹೋದ ದಿನವೂ ಮಳೆಯೇ. ಛತ್ರಿ ಬಿಚ್ಚಿದ್ದು ರಸ್ತೆ ದಾಟುವಾಗ ಮಾತ್ರ. ಆದರೆ ಆ ನುಣುಪು ನೆಲ ಒದ್ದೆಯಾದರೆ ಜಾರುತ್ತದೆ. ಯಜಮಾನರಿಗೆ ಒಳ್ಳೆ ಹಿಡಿತದ ಶೂ ಹಾಕಿಸಿ.

ಫ್ಲಾರೆನ್ಸಿನಿಂದ ವೇಗದ ರೈಲಿಗೆ ನಲವತ್ತು ನಿಮಿಷವೂ ಬೇಡ. ಬೊಲೊನ್ಯಾದಲ್ಲಿ ಅದು ನೆಲದೊಳಗೆ ತುಂಬಾ ಆಳದಲ್ಲಿ ನಿಲ್ಲುತ್ತದೆ, ಲಿಫ್ಟ್ ಹುಡುಕಿ. ನಿಲ್ದಾಣದಿಂದ ದೊಡ್ಡ ಚೌಕದ ಕಡೆಗೆ ಕಮಾನುಗಳ ಕೆಳಗೇ ನಡೆಯಬಹುದು.

ಇಲ್ಲಿನ ವಿಶ್ವವಿದ್ಯಾಲಯ 1088ರದ್ದು ಅನ್ನುತ್ತಾರೆ. 1563ರಿಂದ 1803ರವರೆಗೆ ಅದರ ಪಾಠ ನಡೆದದ್ದು ಆರ್ಕಿಜಿನಾಸಿಯೋ ಕಟ್ಟಡದಲ್ಲಿ. ಗೋಡೆ ತುಂಬಾ ವಿದ್ಯಾರ್ಥಿಗಳ ಮನೆತನದ ಲಾಂಛನಗಳು. ಒಳಗೆ ಹೆಣ ಕೊಯ್ದು ವೈದ್ಯ ಕಲಿಸುತ್ತಿದ್ದ ಮರದ ಸಭಾಂಗಣ, ನಡುವೆ ಅಮೃತಶಿಲೆಯ ಮೇಜು. ಮೇಷ್ಟ್ರ ಪೀಠದ ಎರಡೂ ಬದಿಗೆ ಚರ್ಮ ಸುಲಿದ ಮನುಷ್ಯರ ಮರದ ಬೊಂಬೆಗಳು. 1944ರ ಬಾಂಬ್ ದಾಳಿಯಲ್ಲಿ ಸಭಾಂಗಣ ಪುಡಿಯಾಯಿತು. ಅವಶೇಷದಲ್ಲಿ ಸಿಕ್ಕಿದ್ದನ್ನೆಲ್ಲ ಆಯ್ದು ಮತ್ತೆ ಕಟ್ಟಿದ್ದಾರೆ.

ನನ್ನ ಕೇಳಿದರೆ ಪಲಾಟ್ಸೋ ಪೋಜ್ಜಿ ಮ್ಯೂಸಿಯಂ ಇನ್ನೂ ಮೇಲು. 18ನೇ ಶತಮಾನದ ಅಂಗರಚನಾ ತಜ್ಞೆ ಆನ್ನಾ ಮೊರಾಂದಿ ಮೇಣದಲ್ಲಿ ಮಾಡಿದ ಅಂಗಾಂಗಗಳು ಅಲ್ಲಿವೆ. ತನ್ನದೇ ಒಂದು ಮೇಣದ ಬೊಂಬೆಯನ್ನೂ ಮಾಡಿಟ್ಟಿದ್ದಾಳೆ: ಚೆಂದದ ಉಡುಪು, ಒಡವೆ, ಎದುರಿಗೆ ಕೊಯ್ಯುತ್ತಿರುವ ಮಿದುಳು! ಎಂಥ ಗಟ್ಟಿಗಿತ್ತಿ ಅಲ್ವಾ? ಎರಡಕ್ಕೂ ರಜಾದಿನ ಯಾವುದೆಂದು ಮೊದಲೇ ನೋಡಿಕೊಳ್ಳಿ.

ಮೋಡವಿದ್ದರೆ ತಪ್ಪಿಹೋಗುವುದು ಒಂದೇ. ಸಾನ್ ಪೆಟ್ರೋನಿಯೋ ಚರ್ಚಿನ ನೆಲದಲ್ಲಿ ಖಗೋಳ ವಿಜ್ಞಾನಿ ಕಸ್ಸೀನಿ 1655ರಲ್ಲಿ ರೂಪಿಸಿದ ಉದ್ದದ ಗೆರೆಯಿದೆ. ಮೇಲಿನ ಕಿಂಡಿಯಿಂದ ನಡುಹಗಲಿನ ಬಿಸಿಲು ಅದರ ಮೇಲೆ ಬೀಳುತ್ತದೆ. ಸೂರ್ಯನಿಲ್ಲದಿದ್ದರೆ ಬರೀ ಗೆರೆ. ಬೆಟ್ಟದ ಮೇಲಿನ ಸಾನ್ ಲೂಕಾ ಚರ್ಚಿಗೆ 666 ಕಮಾನುಗಳ ದಾರಿಯಿದೆ, ಆದರೆ ಏರು ಜಾಸ್ತಿ. ಮಂಡಿನೋವಿಗೆ ಬೇಡ.

ಊಟಕ್ಕೆ ‘ತೊರ್ತೆಲ್ಲೋನಿ’ ಕೇಳಿ, ರಿಕೊಟ್ಟಾ ಚೀಸಿನ ಹೂರಣದ ದೊಡ್ಡ ಕಡುಬು. ಚಿಕ್ಕದಾದ ‘ತೊರ್ತೆಲ್ಲೀನಿ’ಯಲ್ಲಿ ಹಂದಿಮಾಂಸ ಇರುತ್ತದೆ. ಇನ್ನೊಂದು ವಿಷಯ: ಪಾರ್ಮಿಜಾನೋ ಚೀಸಿಗೆ ಹಾಲು ಒಡೆಯಲು ಹಾಕುವುದು ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು. ತೊರ್ತೆಲ್ಲೋನಿಯ ಹೂರಣದಲ್ಲೂ ಸಾಮಾನ್ಯವಾಗಿ ಆ ಚೀಸ್ ಸೇರಿರುತ್ತದೆ. ಅದೂ ಆಗದು ಅನ್ನುವುದಾದರೆ ಮಗಳ ಕೈಲಿ ಚಿತ್ರಾನ್ನ ಕಟ್ಟಿಸಿಕೊಳ್ಳಿ.